ಶೂ ಇಲ್ಲದ ಕಾಲಿಗೆ ಲೇಸ್ ಕಟ್ಟಿದ ತಮ್ಮನಿಗೆ

ಪ್ರೀತಿಯ ತಮ್ಮಾ,

ಇತ್ತ ಎಲ್ಲರೂ ಕ್ಷೇಮ, ಅತ್ತ ನಿನ್ನ ಮೊಣಕಾಲು ಕ್ಷೇಮವೇ? ಹಿಂದಿನವರ ಪದ್ಧತಿಯಂತೆ ಇನ್ನೂ ನಾಲ್ಕು ಸಾಲು ಕುಶಲೋಪರಿ ಬರೆಯಬೇಕು. ಆದರೆ ಕಾಲಹರಣದ ಬಗ್ಗೆ ಬರೆಯಲು ಕುಂತವನು ಮೊದಲ ಪುಟದಲ್ಲೇ ಕಾಲಹರಣ ಮಾಡಿದ ಅಂತ ನಿಮ್ಮ ಓಣಿಯವರು ಆಡಿಕೊಂಡಾರು. ವಿಷಯಕ್ಕೆ ಬರುತ್ತೇನೆ.

ನನ್ನ ಗುರುತು ನಿನಗೆ ಹತ್ತಬಹುದು. ಯಲಬುರ್ಗಾ ತಾಲ್ಲೂಕಿನ ಆ ಊರಿನ ಜಾತ್ರೆ ಕಬಡ್ಡಿಯಲ್ಲಿ, ಹೊನಲು ಬೆಳಕಿನ ಕೆಳಗೆ, ಶಾಮಿಯಾನದವರು ತಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೊರಳಲ್ಲಿ ಸೀಟಿ, ಕೈಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ ಬಿಳಿ ಟೊಪ್ಪಿಗೆಯ ಮನುಷ್ಯ ನಾನು. ನಿವೃತ್ತ ಪಿ.ಟಿ. ಮಾಸ್ತರ. ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ ‘ಸಮಯಪಾಲಕರು’ ಎಂದು ಅಚ್ಚು ಹಾಕಿಸಿದ್ದರು. ದ್ವಾರಪಾಲಕರು ಅಂದಿದ್ದರೂ ನಡೆಯುತ್ತಿತ್ತು. ಅವರೂ ಹೋಗುವವರನ್ನು, ಬರುವವರನ್ನು ಕಲ್ಲಾಗಿ ನಿಂತು ನೋಡುವವರೇ.

ಫೈನಲ್ ಪಂದ್ಯ. ಬೆಳಗಿನ ಜಾವ 3 ಗಂಟೆ ದಾಟಿ 10 ನಿಮಿಷ. ನಿಮ್ಮ ತಂಡ 31, ಗಂಗಾವತಿ ಕಡೆಯವರು 30. ಆಟ ಉಳಿದದ್ದು 1 ನಿಮಿಷ 40 ಸೆಕೆಂಡು. ಅವರ ರೈಡರ್ ಬರಿಗೈಲಿ ಮರಳಿದ. ಇನ್ನು ನಿಮ್ಮ ಸರದಿ, 5 ಸೆಕೆಂಡಿನೊಳಗೆ ನಿಮ್ಮವರೊಬ್ಬರು ಹೊರಡಬೇಕು. ನೀನು ಹೊರಟೆ. ನಡುಗೆರೆಯ ತನಕ ಬಂದೆ. ನಿಂತೆ. ಎಡ ಮೊಣಕಾಲು ನೆಲಕ್ಕೂರಿ, ಬಲಪಾದದ ಮೇಲೆ ಬಗ್ಗಿ, ಲೇಸ್ ಕಟ್ಟತೊಡಗಿದೆ. ಒಂದು ಎಳೆಯನ್ನು ಇನ್ನೊಂದರ ಕೆಳಗೆ ತೂರಿಸಿದೆ, ಒಂದು ಕುಣಿಕೆ ಮಾಡಿದೆ, ಇನ್ನೊಂದು ಕುಣಿಕೆ ಮಾಡಿದೆ, ಎರಡನ್ನೂ ಜಗ್ಗಿ ಬಿಗಿ ಮಾಡಿದೆ. ಬಿಗಿ ಸಾಲದೆನಿಸಿ ಬಿಚ್ಚಿ ಮತ್ತೆ ಕಟ್ಟಿದೆ. ಅಂಪೈರ್ ಗೌರವದಿಂದ ಕಾದರು. ಎದುರಿನ ಏಳೂ ಜನ ಕೈಕೈ ಹಿಡಿದು ಕಾದರು. ನಾನೂ ಕಾದೆ. ಕೊನೆಗೆ ಹಗ್ಗದ ಬೇಲಿಯಾಚೆಯಿಂದ ಒಬ್ಬ ಅಜ್ಜ ಒದರಿದ: “ಯಪ್ಪಾ, ಅವನ ಕಾಲಾಗ ಬೂಟ ಇಲ್ಲೋ! ಏನ್ ಕಟ್ಟಾಕತ್ತಾನ ನೋಡ್ರಿ!”

ಆಗಲೇ ನಮಗೆಲ್ಲ ಕಂಡದ್ದು. ನೀನು ಬರಿಗಾಲಲ್ಲಿದ್ದೆ. ನೀನೊಬ್ಬನೇ ಅಲ್ಲ, ಮಣ್ಣಿನ ಅಂಕಣದಲ್ಲಿ ಹದಿನಾಲ್ಕು ಜನರೂ ಬರಿಗಾಲಲ್ಲಿದ್ದರು.

ಹಿಡಿದದ್ದು 11 ಸೆಕೆಂಡು. ನನ್ನ ಮೊಬೈಲಿನಲ್ಲಿದೆ.

ಸೋತವರು ಅರ್ಜಿ ಕೊಟ್ಟಿದ್ದಾರೆ. ಆ 11 ಸೆಕೆಂಡು ಇದ್ದಿದ್ದರೆ ತಮಗೆ ಇನ್ನೊಂದು ರೈಡ್ ಸಿಗುತ್ತಿತ್ತು, ಆದ್ದರಿಂದ ಕಾಲಹರಣ ಮಾಡಿದ ಆಟಗಾರನನ್ನು ಮೂರು ವರ್ಷ ಈ ಜಾತ್ರೆಯ ಅಂಕಣಕ್ಕೆ ಇಳಿಸಬಾರದು ಎಂಬುದು ಅವರ ಕೋರಿಕೆ. ಕಮಿಟಿಯವರು ನನ್ನ ಹೇಳಿಕೆ ಕೇಳಿದ್ದಾರೆ. ಕಮಿಟಿಗೆ ಬರೆದರೆ ಅದು ಅಧ್ಯಕ್ಷರ ಮನೆಯ ಗಿಳಿಗೂಟಕ್ಕೆ ತೂಗುಬಿದ್ದ ಕೈಚೀಲ ಸೇರಿ ಮುಂದಿನ ಜಾತ್ರೆಗೆ ಹೊರಬರುತ್ತದೆ. ಅದಕ್ಕೇ ಬಹಿರಂಗವಾಗಿ ನಿನಗೇ ಬರೆಯುತ್ತಿದ್ದೇನೆ.

ತಮ್ಮಾ, ನೀನು ಮಾಡಿದ್ದು ತಪ್ಪು. ಕಬಡ್ಡಿಯಲ್ಲಿ ಸಮಯದ ಬೆಲೆ ನಿನಗೆ ಗೊತ್ತಿರಬೇಕಿತ್ತು. ಗಂಡಸರ ಆಟ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಒಂದು ರೈಡಿಗೆ 30 ಸೆಕೆಂಡು. ಒಂದು ಅವಧಿಗೆ ತಂಡಕ್ಕೆ ಎರಡು ಟೈಮ್‌ಔಟ್, ಒಂದೊಂದು 30 ಸೆಕೆಂಡಿನದು. ಇಷ್ಟು ಕಟ್ಟುನಿಟ್ಟಿನ ಆಟಕ್ಕೆ ಅಂದು ರಾತ್ರಿ ನಿನ್ನಿಂದ ಭಂಗ ಬಂತು. ನೀನು ಲೇಸ್ ಕಟ್ಟುವ ತನಕ ಎಲ್ಲವೂ ಹೇಗೆ ಗಡಿಯಾರದ ಮುಳ್ಳಿನಂತೆ ನಡೆದಿತ್ತು ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆಯುತ್ತೇನೆ.

ಕರಪತ್ರದಲ್ಲಿ ‘ಸಂಜೆ 7 ಗಂಟೆಗೆ ಸರಿಯಾಗಿ’ ಎಂದಿತ್ತು. ಈ ‘ಸರಿಯಾಗಿ’ ಎಂಬ ಪದವನ್ನು ನಮ್ಮ ಜಿಲ್ಲೆಯ ಅಚ್ಚುಮನೆಗಳಲ್ಲಿ ಮೊದಲೇ ಜೋಡಿಸಿಟ್ಟಿರುತ್ತಾರೆ ಎಂದು ನನ್ನ ಗುಮಾನಿ. ಉದ್ಘಾಟಕರು 9 ಗಂಟೆ 20 ನಿಮಿಷಕ್ಕೆ ಸರಿಯಾಗಿ ಬಂದರು. ವೇದಿಕೆಯಲ್ಲಿ 31 ಕುರ್ಚಿ. ಒಬ್ಬೊಬ್ಬರಿಗೂ ಶಾಲು, ಹಾರ, ಫೋಟೋ. ಫೋಟೋದವನು “ಇನ್ನೊಂದ್ ಸಲ ಹಾಕ್ರಿ” ಅಂದಾಗಲೆಲ್ಲ ಹಾರ ತೆಗೆದು ಮತ್ತೆ ಹಾಕಿದರು. ಆಮೇಲೆ ಒಬ್ಬ ಗಣ್ಯರು ಮೈಕ್ ಹಿಡಿದು, “ಕ್ರೀಡಾಪಟುಗಳು ಕಾಯ್ತಿದ್ದಾರೆ, ನಾನು ಎರಡೇ ಮಾತಾಡ್ತೀನಿ” ಅಂದರು. ನಾನು ಅಭ್ಯಾಸಬಲದಿಂದ ಗುಂಡಿ ಒತ್ತಿದೆ. ಎರಡು ಮಾತು 24 ನಿಮಿಷಕ್ಕೆ ಮುಗಿದವು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಕರಾರುವಾಕ್ಕಾಗಿ ಒಂದು ಗಳಿಗೆ. ಹಿಂದೆ ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವುದನ್ನು ನೋಡಿ ಗಳಿಗೆ ಎಣಿಸುತ್ತಿದ್ದರಂತೆ. ಅಂದು ಮುಳುಗಿದ್ದು ನಾವು.

ಆಮೇಲೆ ಗಣ್ಯರ ರೈಡ್. ಪಂದ್ಯಾವಳಿಗೆ ಚಾಲನೆ ಕೊಡಬೇಕಲ್ಲ. ಅವರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲೇ, ಬಿಳಿ ಶೂಗಳಲ್ಲೇ ಅಂಕಣಕ್ಕಿಳಿದು ‘ಕಬಡ್ಡಿ ಕಬಡ್ಡಿ’ ಅಂದರು, ನಡುನಡುವೆ ಮೊಬೈಲಿನಲ್ಲಿ “ಹಾ, ಬಂದೆ, ಇಲ್ಲೇ ಅದೀನಿ” ಅಂತಲೂ ಅಂದರು. ಕ್ಯಾಂಟ್, ಅಂದರೆ ‘ಕಬಡ್ಡಿ’ಯ ಉಲಿ, ನಡುವೆ ಬಿಟ್ಟಿದ್ದಕ್ಕೆ ಅಂಪೈರ್ ಔಟ್ ಕೊಡಲಿಲ್ಲ. ಮುಟ್ಟದಿದ್ದರೂ ಏಳು ಜನ ಔಟಾಗಿ ಹೊರಗೆ ನಡೆದರು. ಒಂದು ರೈಡಿಗೆ ಏಳು ಪಾಯಿಂಟು, ಮೇಲೆ ಇಡೀ ತಂಡ ಔಟಾದ ಲೋನಾದ್ದು ಎರಡು. ಆ ರೈಡಿಗೆ 4 ನಿಮಿಷ 15 ಸೆಕೆಂಡು ಹಿಡಿಯಿತು ಎಂದು ನನ್ನ ಮೊಬೈಲ್ ಹೇಳುತ್ತದೆ. ಮೊಬೈಲಿಗೆ ಪ್ರೋಟೋಕಾಲ್ ತಿಳಿಯುವುದಿಲ್ಲ.

ಮೊದಲ ಪಂದ್ಯದ ಸೀಟಿ ಊದಿದಾಗ 10 ಗಂಟೆ 40 ನಿಮಿಷ. ತಂಡಗಳು ಹೆಚ್ಚಾದವು, ಹೊತ್ತು ಸಾಲದು ಎಂದು ಲೀಗ್ ಪಂದ್ಯಗಳನ್ನು 10–10 ನಿಮಿಷಕ್ಕೆ ಇಳಿಸಿದ್ದೂ ಅದೇ ಕಮಿಟಿ. ಇಳಿಸಬಹುದಾದ ಬೇರೆ ಯಾವುದೂ ಅವರಿಗೆ ಕಾಣಲಿಲ್ಲ. ಇದಾದ ಮೇಲೆ ಎರಡು ಸಲ ಜನರೇಟರ್ ಕೈಕೊಟ್ಟಿದ್ದು, ನೋವಿನ ಸ್ಪ್ರೇ ಹಿಡಿದ ಹುಡುಗ ಖಾಲಿ ಡಬ್ಬಿಯಿಂದ ಬರೀ ‘ಪುಸ್’ ಎಂಬ ಸಪ್ಪಳವನ್ನಷ್ಟೇ ಮೊಣಕಾಲಿಗೆ ಹೊಡೆಯುತ್ತ ಎರಡೆರಡು ನಿಮಿಷ ಅಂಕಣದೊಳಗೇ ಇರುತ್ತಿದ್ದದ್ದು, ದೇಣಿಗೆ ಕೊಟ್ಟವರ ಹೆಸರನ್ನು ರೈಡ್ ನಡೆಯುವಾಗಲೇ ಮೈಕಿನವನು ಓದಿದ್ದು, ಇವೆಲ್ಲ ಸಣ್ಣಪುಟ್ಟ ಲೆಕ್ಕ. ಇವನ್ನೆಲ್ಲ ಸಹಿಸಿಕೊಂಡ ಸಭೆ ನಿನ್ನ 11 ಸೆಕೆಂಡನ್ನು ಸಹಿಸಲಿಲ್ಲ. ಶಿಸ್ತು ಅಂದರೆ ಇದು.

ಕಾಲಹರಣ ಅನ್ನುವುದು ಗಡಿಯಾರ ಬಂದ ಮೇಲೆ ಹುಟ್ಟಿದ ಅಪರಾಧ, ತಮ್ಮಾ. ನಾನು ಹುಡುಗನಾಗಿದ್ದಾಗ ರೈಡಿಗೆ ಸೆಕೆಂಡಿನ ಲೆಕ್ಕ ಇರಲಿಲ್ಲ, ಉಸಿರಿನ ಲೆಕ್ಕ ಇತ್ತು. ಎದೆಯೇ ಗಡಿಯಾರ. ಜಗತ್ತಿನ ಬೇರೆ ಆಟಗಳಲ್ಲಿ ಸಮಯ ಹೊರಗೆ ಗೋಡೆಯ ಮೇಲೋ ಯಾರದೋ ಮಣಿಕಟ್ಟಿನ ಮೇಲೋ ಇರುತ್ತದೆ, ನಮ್ಮ ಆಟದಲ್ಲಿ ಆಡುವವನ ಪುಪ್ಪುಸದಲ್ಲಿತ್ತು. ಕೆರೆಯಲ್ಲಿ ಮುಳುಗು ಹಾಕಿ ಬೆಳೆದವನು ದೊಡ್ಡ ಗಡಿಯಾರ ಹೊತ್ತು ಬರುತ್ತಿದ್ದ, ಬೀಡಿ ಸೇದುವವನ ಗಡಿಯಾರ ಬೇಗ ನಿಲ್ಲುತ್ತಿತ್ತು. ಅದರಲ್ಲೂ ಕಳ್ಳರಿದ್ದರು, ಇಲ್ಲ ಅನ್ನುವುದಿಲ್ಲ. ‘ಕಬಡ್ಡಿ’ಯ ‘ಬ’ಕ್ಕೂ ‘ಡ್ಡಿ’ಗೂ ನಡುವೆ ಮೂಗಿನಿಂದ ಸದ್ದಿಲ್ಲದೆ ಗಾಳಿ ಎಳೆದುಕೊಳ್ಳುವ ಒಬ್ಬ ನಮ್ಮ ಓಣಿಯಲ್ಲೇ ಇದ್ದ. ಅವನನ್ನು ಹಿಡಿಯಲು ನಮ್ಮ ಮಾಸ್ತರರು ರೈಡರನ ಬೆನ್ನಿಗೇ ಕಿವಿ ಕೊಟ್ಟು ಓಡುತ್ತಿದ್ದರು. ಹಿಡಿದರೆ “ಉಸುರು ಹೋತು!” ಎಂದು ಒಂದೇ ಕೂಗು. ಮೇಲ್ಮನವಿ ಇಲ್ಲ. ಉಸಿರು ಕದಿಯುವವನೂ ಆಗ ಬೆವರು ಸುರಿಸಬೇಕಿತ್ತು.

ಆಮೇಲೆ 30 ಸೆಕೆಂಡಿನ ನಿಯಮ ಬಂತು. ಗಡಿಯಾರ ಎದೆಯಿಂದ ಟೇಬಲ್ಲಿಗೆ ಇಳಿಯಿತು. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾಗಿ, ಟಿವಿಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುವುದನ್ನು ನೀವು ಹುಡುಗರೆಲ್ಲ ನೋಡಿದಿರಿ. ಮುಂದಿರುವ ತಂಡದ ರೈಡರ್ ಹೋಗಿ, ದಾಟಲೇಬೇಕಾದ ಬಾಕ್ ಲೈನ್ ದಾಟಿ, ಎಡಕ್ಕೆರಡು ಬಲಕ್ಕೆರಡು ಹೆಜ್ಜೆ ಕುಣಿದು, 28ನೇ ಸೆಕೆಂಡಿಗೆ ಮನೆಗೆ ಬರುವುದು ಒಂದು ವಿದ್ಯೆಯೇ ಆಯಿತು. ಇದನ್ನು ತಡೆಯಲೆಂದು, ಸತತ ಎರಡು ಖಾಲಿ ರೈಡ್ ಆದರೆ ಮೂರನೆಯದರಲ್ಲಿ ಪಾಯಿಂಟು ತರಬೇಕು, ಇಲ್ಲದಿದ್ದರೆ ರೈಡರನೇ ಔಟ್ ಎಂಬ ‘ಡೂ ಆರ್ ಡೈ’ ಬಂತು. ನೀವು ಮೊದಲೆರಡನ್ನು ಇನ್ನೂ ನಾಜೂಕಾಗಿ ಖಾಲಿ ಮಾಡಲು ಕಲಿತಿರಿ. ನಿಯಮ ಮಾಡುವವರು ಒಂದು ಕಿಂಡಿ ಮುಚ್ಚಿದರೆ ಆಡುವವರು ಇನ್ನೊಂದನ್ನು ಕೊರೆಯುತ್ತಾರೆ. ಆದರೆ ಇಲ್ಲದ ಶೂಗಳ ಕಿಂಡಿ ನಿನಗೆ ಹೇಗೆ ಹೊಳೆಯಿತೋ! ಶೂ ಇದ್ದಿದ್ದರೆ ಅಂಪೈರ್ ಗದರುತ್ತಿದ್ದರು, ಹಸಿರು ಕಾರ್ಡು ತೋರಿಸುತ್ತಿದ್ದರು. ಇಲ್ಲದ ಲೇಸನ್ನು ಕಟ್ಟಬೇಡ ಅನ್ನಲು ಯಾವ ಪುಸ್ತಕದಲ್ಲಿ ನಿಯಮ ಇದೆ?

ನೀನೊಬ್ಬನೇ ಪಾಪಿ ಎಂದು ಕೊರಗಬೇಡ. 2024ರ ಜೂನ್‌ನಲ್ಲಿ ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ಎದುರು ಅಫ್ಗಾನಿಸ್ತಾನ ಆಡುವಾಗ ಮಳೆ ಹನಿಯತೊಡಗಿತು. ಕೋಚ್ ಹೊರಗಿನಿಂದ ‘ನಿಧಾನ’ ಎಂದು ಕೈಸನ್ನೆ ಮಾಡಿದ್ದೇ ತಡ, ಸ್ಲಿಪ್‌ನಲ್ಲಿ ನಿಂತಿದ್ದ ಗುಲ್ಬದಿನ್ ನೈಬ್ ತೊಡೆ ಹಿಡಿದುಕೊಂಡು ಕಡಿದ ಬಾಳೆಗಿಡದಂತೆ ಬಿದ್ದ. ಆಮೇಲೆ ಎದ್ದು ಬೌಲಿಂಗ್ ಕೂಡ ಮಾಡಿದ, ತಂಡ ಸೆಮಿಫೈನಲ್ಲಿಗೂ ಹೋಯಿತು. ನಿನ್ನ ಅಂಗಿಯ ಬೆನ್ನಿಗೆ ಹೆಸರು ಬರೆಸಿಕೊಂಡಿದ್ದೀಯಲ್ಲ, ಆ ಪವನ್ ಸೆಹ್ರಾವತ್ ಮಾಡಿದ ಒಂದು ರೈಡಿಗಾಗಿ 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ಲೇ ನಿಂತುಹೋಯಿತು. ಭಾರತ 28, ಇರಾನ್ 28, ಉಳಿದದ್ದು ಒಂದು ನಿಮಿಷದ ಆಸುಪಾಸು. ಹಳೆ ನಿಯಮವೋ ಹೊಸ ನಿಯಮವೋ ಎಂಬ ಜಗಳ ಹೆಚ್ಚುಕಡಿಮೆ ಒಂದು ತಾಸು ನಡೆಯಿತು. ಒಮ್ಮೆ ಈ ತಂಡ ಅಂಕಣದಲ್ಲೇ ಕುಳಿತಿತು, ಒಮ್ಮೆ ಆ ತಂಡ. ಕೊನೆಗೆ ಭಾರತ 33–29ರಿಂದ ಗೆದ್ದಿತು. ಒಂದು ನಿಮಿಷದ ಆಟ ಆಡಲು ಒಂದು ತಾಸು ಬೇಕಾಯಿತೆಂದು ಯಾರೂ ಅರ್ಜಿ ಬರೆಯಲಿಲ್ಲ. ಚಿನ್ನ ಬಂತಲ್ಲ.

ಇದಕ್ಕಿಂತ ನನಗೆ ಇಷ್ಟವಾದ ಕಥೆ ಐರ್ಲೆಂಡಿನದು. ಅಲ್ಲಿ ಹರ್ಲಿಂಗ್ ಎಂಬ ಆಟ ಇದೆ. ದೋಣಿಯ ಹುಟ್ಟಿನಂಥ ಕೋಲು, ಚಿಕ್ಕ ಚೆಂಡು, ತಂಡಕ್ಕೆ 15 ಜನ, ದೊಡ್ಡ ಪಂದ್ಯವಾದರೆ 70 ನಿಮಿಷ. ನಮ್ಮ ಜಾತ್ರೆ ಕಬಡ್ಡಿಯ ಹಾಗೆ ಊರಿನ ಮರ್ಯಾದೆಗೆ ಆಡುವ ಆಟ, ಆಡುವವರಿಗೆ ಸಂಬಳ ಇಲ್ಲ. ಸಮಯ ನೋಡುವವನು ಬಹುಕಾಲ ರೆಫರಿಯೊಬ್ಬನೇ, ಅವನ ಕೈಗಡಿಯಾರವೇ ಕಾನೂನು. 1998ರ ಆಗಸ್ಟ್ 22ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಕ್ಲೇರ್ ಮತ್ತು ಆಫಲಿ ಕೌಂಟಿಗಳ ಸೆಮಿಫೈನಲ್ ಮರುಪಂದ್ಯ. ಕ್ಲೇರ್ ಮೂರು ಪಾಯಿಂಟು ಮುಂದಿದ್ದಾಗ ರೆಫರಿ ಸುಮಾರು ಎರಡು ನಿಮಿಷ ಮೊದಲೇ ಕೊನೆಯ ಸೀಟಿ ಊದಿಬಿಟ್ಟರು. ಆಫಲಿಯ ಜನ ಗ್ಯಾಲರಿಯಿಂದ ಇಳಿದು ಬಂದು ಮೈದಾನದ ನಡುವೆ ಚಕ್ಕಂಬಕ್ಕಳ ಹಾಕಿ ಕುಳಿತರು. ನಮ್ಮ ಎರಡು ನಿಮಿಷ ಕೊಡಿ, ಆಮೇಲೆ ಏಳುತ್ತೇವೆ ಅಂದರು. ಆಮೇಲೆ ನಡೆಯಬೇಕಿದ್ದ ಇನ್ನೊಂದು ಪಂದ್ಯ ನಡೆಯಲೇ ಇಲ್ಲ. ಎರಡು ನಿಮಿಷಕ್ಕೆ ಬದಲಾಗಿ ಅವರಿಗೆ ಇಡೀ ಪಂದ್ಯವೇ ಮತ್ತೆ ಸಿಕ್ಕಿತು. ಥರ್ಲ್ಸ್ ಊರಿನಲ್ಲಿ ನಡೆದ ಆ ಮೂರನೇ ಪಂದ್ಯ ಗೆದ್ದರು, ಫೈನಲ್ಲಿನಲ್ಲಿ ಕಿಲ್ಕೆನ್ನಿಯನ್ನೂ ಸೋಲಿಸಿ ಕಪ್ ಒಯ್ದರು. ಅಲ್ಲಿನ ಕೌಂಟಿ ಮಟ್ಟದ ಗೇಲಿಕ್ ಫುಟ್‌ಬಾಲಿನಲ್ಲಿ 2025ರಿಂದ ರೆಫರಿಯ ಕೈಯಿಂದ ಗಡಿಯಾರ ಕಸಿದು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ್ದಾರೆ, ಅವಧಿ ಮುಗಿದಾಗ ಹೂಟರ್ ಕೂಗುತ್ತದೆ. ಹೆಣ್ಣುಮಕ್ಕಳ ಫುಟ್‌ಬಾಲಿನವರು ಎಷ್ಟೋ ವರ್ಷ ಮೊದಲೇ ಇದನ್ನು ಮಾಡಿಕೊಂಡಿದ್ದರು. ಗಂಡಸರಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

ನಮ್ಮಲ್ಲಿ ರೆಫರಿ ಎರಡು ನಿಮಿಷ ಮೊದಲೇ ಪಂದ್ಯ ಮುಗಿಸಿದ್ದರೆ ಅವರಿಗೊಂದು ಹೆಚ್ಚಿನ ಶಾಲು ಹೊದಿಸುತ್ತಿದ್ದೆವು. ಎರಡು ನಿಮಿಷಕ್ಕಾಗಿ ನೆಲದ ಮೇಲೆ ಕೂರುವ ಕಸುವು ನಮ್ಮ ಸೀಮೆಗೆ ಹೇಗೆ ಬಂದೀತು? ನಾವು ಬೇರೆ ಅಳತೆಯಲ್ಲಿ ಪಳಗಿದವರು. ರಾಯಚೂರಿನಿಂದ ಬಿಡಿಸಿ ಕೊಪ್ಪಳ ಜಿಲ್ಲೆ ಮಾಡಿದ್ದು 1997ರಲ್ಲಿ. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಇನ್ನೊಂದು ಮಾರ್ಗದ ಕುಷ್ಟಗಿಯವರು ಮೊದಲ ಪ್ಯಾಸೆಂಜರ್ ರೈಲನ್ನು ನೋಡಿದ್ದು 2025ರ ಮೇ ತಿಂಗಳಲ್ಲಿ. ಅಂದು ನಿಲ್ದಾಣಕ್ಕೆ ಬಂದ ಜನ ಹೂವು ಹಾಕಿ, ಕಾಯಿ ಒಡೆದು, ಕುಣಿದರೇ ಹೊರತು “ಇಷ್ಟು ಹೊತ್ತು ಎಲ್ಲಿ ಲೇಸ್ ಕಟ್ಟುತ್ತಿದ್ದೆ?” ಎಂದು ಎಂಜಿನ್ನನ್ನು ಯಾರೂ ಕೇಳಲಿಲ್ಲ. ಎಡದಂಡೆ ಕಾಲುವೆಯ ಕೊನೆ ಭಾಗದ ರೈತ ತನ್ನ ಪಾಳಿಯ ನೀರಿಗಾಗಿ ರಾತ್ರಿಯೆಲ್ಲ ತೂಬಿನ ಬಳಿ ಟಾರ್ಚ್ ಹಿಡಿದು ಕೂರುತ್ತಾನೆ. ಕಾಲುವೆ ಇಲ್ಲದ ಯಲಬುರ್ಗಾ, ಕುಷ್ಟಗಿ ಸೀಮೆಯ ಎರೆ ಹೊಲದವನಿಗೆ ಕಾಯಲು ತೂಬೂ ಇಲ್ಲ, ಅವನು ಆಕಾಶದ ಕೆಳಗೆ ಕೂರುತ್ತಾನೆ. ಇಂಥ ಜನರ ನಡುವೆ ಹುಟ್ಟಿಯೂ ನೀನು ಸೆಕೆಂಡಿನ ಲೆಕ್ಕ ಹಾಕಿದೆ.

ಎಲ್ಲಿ ಕಲಿತೆ ಎಂಬುದು ನನಗೆ ತಿಳಿದದ್ದು ಬಹುಮಾನ ವಿತರಣೆಯ ಹೊತ್ತಿಗೆ. ಫೈನಲ್ ಮುಗಿದು ತಾಸಾದರೂ ಢಾಲು ಕೊಡುವ ಗಣ್ಯರು ಎದ್ದಿರಲಿಲ್ಲ, ಕಾರಿನಲ್ಲಿ ಮಲಗಿದ್ದರು. ನೀನು ಹೆಗಲಿಗೆ ಚೀಲ ಹಾಕಿಕೊಂಡು ನನ್ನ ಟೇಬಲ್ಲಿನ ಬಳಿ ಬಂದೆ. ಮೈಮೇಲಿನ ಮಣ್ಣು ಇನ್ನೂ ಒದ್ದೆಯಾಗಿತ್ತು. “ಸರ್, ಢಾಲ್ ಕೊಡಾಕ ಇನ್ನೂ ಎಷ್ಟೊತ್ತಾಕ್ಕೈತ್ರೀ?” ಅಂದೆ. 5 ಗಂಟೆಗೆ ಬೆಂಗಳೂರಿಗೆ ಬಸ್ಸು ಇದೆ ಅಂದೆ. ಬಿಲ್ಡಿಂಗ್ ಕೆಲಸ, ಜಾತ್ರೆಗೆಂದು ಎರಡು ದಿನ ಕೇಳಿಕೊಂಡು ಬಂದಿದ್ದೆ. ಮೇಸ್ತ್ರಿ ಅರ್ಧ ತಾಸು ತಡವಾದರೆ ಅರ್ಧ ದಿನದ ಪಗಾರ ಹಿಡಿಯುತ್ತಾನಂತೆ. ಅರ್ಧ ತಾಸಿಗೆ ಅರ್ಧ ದಿನ! ನಿಮ್ಮ ಮೇಸ್ತ್ರಿ ಹೊಡೆಯುವ ಲೋನಾ ನಮ್ಮ ಆಟದ ಲೋನಾಕ್ಕಿಂತ ದೊಡ್ಡದು. ನಾನು ಕಾರಿನ ಕಡೆ ಕೈ ತೋರಿಸಿದೆ. ನೀನು ಕಾರನ್ನೊಮ್ಮೆ ನೋಡಿದೆ, ಬಸ್‌ಸ್ಟ್ಯಾಂಡಿನ ದಾರಿಯನ್ನೊಮ್ಮೆ ನೋಡಿದೆ, ಹೋದೆ.

ಈಗ ನನ್ನ ಹೇಳಿಕೆ. ಸಮಯಪಾಲಕ ಎಂದು ಅಚ್ಚಾದವನು ಇದನ್ನಾದರೂ ಸರಿಯಾಗಿ ಬರೆಯಬೇಕು.

ಫೈನಲ್ಲಿನ ಎರಡನೇ ಅವಧಿಯ ಆರನೇ ನಿಮಿಷ. ಎದುರಾಳಿ ರೈಡರ್ ನಿಮ್ಮ ಅಂಕಣದಲ್ಲಿದ್ದ. ಟೇಬಲ್ಲಿನ ಮೇಲೆ ಬೇರೆ ಸ್ಟಾಪ್‌ವಾಚ್ ಇರಲಿಲ್ಲ, ನನ್ನ ಮೊಬೈಲೇ ರೈಡಿನ ಗಡಿಯಾರ. 20ನೇ ಸೆಕೆಂಡಿಗೆ ಅದು ಗುರುಗುಟ್ಟಿತು. ನನ್ನ ಮನೆಯವಳು. “ಬಾಗ್ಲಾ ಹಾಕ್ಕೊಂಡು ಮಲಗ್ಲ್ಯಾ, ಇನ್ನೂ ತಡಾ ಐತೇನ್ರಿ?” ಅಂದಳು. ಮಧ್ಯರಾತ್ರಿ ದಾಟಿದ ಮೇಲೆ ಹೆಂಡತಿಯ ಫೋನು ಎತ್ತದೆ ಇರುವ ಸಮಯಪಾಲಕ ಇನ್ನೂ ಹುಟ್ಟಿಲ್ಲ. “ಹಾಕ್ಕೊ, ಹಾಕ್ಕೊ” ಅಂದು ಇಟ್ಟು, ಮತ್ತೆ ಸ್ಟಾಪ್‌ವಾಚ್ ಹುಡುಕಿ ತೆರೆದರೆ ಅದು 41 ತೋರಿಸುತ್ತಿತ್ತು. ಸೀಟಿ ಬಾಯಿಗೆ ಬರುವಷ್ಟರಲ್ಲಿ ಆ ಹುಡುಗ ನಿಮ್ಮ ಇಬ್ಬರನ್ನು ಮುಟ್ಟಿ ನಡುಗೆರೆ ದಾಟಿದ್ದ. ಎರಡು ಪಾಯಿಂಟು. 30ಕ್ಕೇ ಅವನು ಔಟಾಗಬೇಕಿತ್ತು. ನಾನು ಸುಮ್ಮನಿದ್ದೆ. ಸ್ಕೋರರ್ ಬರೆದುಕೊಂಡ, ಜನ ಸೀಟಿ ಹೊಡೆದರು, ಮೈಕಿನವನು ‘ಸೂಪರ್ ರೈಡ್’ ಎಂದು ತಪ್ಪು ಕೂಗಿದ. ಸೂಪರ್ ರೈಡಿಗೆ ಮೂರು ಪಾಯಿಂಟು ಬೇಕು, ಅದೂ ಅವನಿಗೆ ಗೊತ್ತಿಲ್ಲ.

ಮೂಲೆಯಲ್ಲಿ ನಿಂತಿದ್ದ ನೀನು ಮಾತ್ರ ನನ್ನ ಕಡೆ ನೋಡಿದೆ. ನಿನ್ನ ತುಟಿ ಅಲ್ಲಾಡುತ್ತಿತ್ತು. ಕ್ಯಾಚರ್ ಆಗಿ ನಿಂತವನು ಕಬಡ್ಡಿ ಕಬಡ್ಡಿ ಅನ್ನಬೇಕಾಗಿಲ್ಲವಲ್ಲ, ಏನು ಗೊಣಗುತ್ತಾನೆ ಅಂದುಕೊಂಡೆ. ನೀನು ಎಣಿಸುತ್ತಿದ್ದೆ.

ಅದಾಗಿ ಕೆಲ ನಿಮಿಷಕ್ಕೆ ನಿನಗೆ ಲೇಸಿನ ನೆನಪಾಯಿತು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, 11ಕ್ಕೆ ಎದ್ದೆ. ಇದು ಕಾಕತಾಳೀಯ ಅನ್ನಬಹುದು. ನಾನು ಹಾಗೆಯೇ ಅನ್ನಬೇಕೆಂದಿದ್ದೆ ಕೂಡ. ಆದರೆ ಎದ್ದು ನಡುಗೆರೆ ದಾಟುವ ಮುಂಚೆ ನೀನು ಅಂಪೈರನ್ನಾಗಲಿ, ನಿಮ್ಮ ಕ್ಯಾಪ್ಟನ್ನನ್ನಾಗಲಿ ನೋಡಲಿಲ್ಲ. ನನ್ನ ಟೇಬಲ್ಲನ್ನು ನೋಡಿದೆ.

ಆದ್ದರಿಂದ ಕಮಿಟಿಗೆ ನನ್ನ ಹೇಳಿಕೆ ಇಷ್ಟೇ: ‘ಸದರಿ ಪಂದ್ಯದಲ್ಲಿ 11 ಸೆಕೆಂಡು ಪೋಲಾದದ್ದು ನಿಜ. ಯಾವ 11 ಸೆಕೆಂಡು ಎಂಬುದನ್ನು ಅರ್ಜಿದಾರರು ಸ್ಪಷ್ಟಪಡಿಸಬೇಕು.’ ಕೆಳಗೆ ಸಹಿ ಮಾಡಿದ್ದೇನೆ. ದಿನಾಂಕ ಹಾಕಿದ್ದೇನೆ. ಸಮಯ ಎಂಬ ಕಲಂ ಖಾಲಿ ಬಿಟ್ಟಿದ್ದೇನೆ.

ಇತಿ ನಿನ್ನ,
ಸಮಯಪಾಲಕ

ತಾ.ಕ.: ಢಾಲಿನ ಫೋಟೋ ಮೊನ್ನೆ ಕೈಗೆ ಬಂತು. ಆಟಗಾರರು ನಾಲ್ವರು, ಶಾಲು ಹೊದ್ದವರು ಹದಿನೇಳು ಜನ, ನಾನೂ ಒಂದು ಬದಿಯಲ್ಲಿ ಅರ್ಧ ಇದ್ದೇನೆ. ನೀನಿಲ್ಲ. ನಡುವೆ ಢಾಲು ಹಿಡಿದು ನಿಂತವರು ಆಗಷ್ಟೇ ನಿದ್ದೆಯಿಂದ ಎದ್ದು ಬಂದ ಗಣ್ಯರು. ಅವರ ಬಿಳಿ ಶೂಗಳಲ್ಲಿ ಬಲಗಾಲಿನದರ ಲೇಸ್ ಬಿಚ್ಚಿದೆ.